ರಾಜಧಾನಿಗೆ ಬಿಸಿನೀರು ಕೊಟ್ಟ ಊರು

(ನಮ್ಮ ಬಡಾವಣೆಯ ಓದುಗರ ಬಳಗದಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಐಸ್‌ಲ್ಯಾಂಡ್ ಬಗ್ಗೆ ಮಾತಾಡಿ ಅಂತ ಬಳಗದವರು ಕೇಳಿದಾಗ ಅವರ ಮನಸ್ಸಿನಲ್ಲಿ ಜ್ವಾಲಾಮುಖಿ, ಹಿಮನದಿ, ರಾತ್ರಿ ಆಕಾಶದ ಹಸಿರು ಬೆಳಕು ಇದ್ದಿರಬೇಕು. ಅವೆಲ್ಲ ಇವೆ. ಆದರೆ ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಮೊಸ್‌ಫೆಲ್ಸ್‌ಬೈರ್ ಎಂಬ ಒಂದು ಸಾಧಾರಣ ಊರಿನ ಬಗ್ಗೆ. ರಾಜಧಾನಿ ರೇಕ್ಯಾವಿಕ್‌ಗೆ ಅಂಟಿಕೊಂಡ ಊರು. ನನ್ನ ಮಗಳು ಅಲ್ಲಿದ್ದಾಳೆ. ಅವಳ ಮನೆಯಲ್ಲಿ ಒಂದು ಚಳಿಗಾಲ, ಒಂದು ಬೇಸಿಗೆ ಇದ್ದು ಬಂದೆ.

ಹೊರಡುವ ಮೊದಲು ಮಗಳು ಫೋನಿನಲ್ಲಿ ಹೇಳಿದ್ದಳು. "ಅಮ್ಮ, ತುಂಬಾ ಏನೋ ಅಂದ್ಕೊಂಡು ಬರಬೇಡ. ಇಲ್ಲಿ ನೋಡೋಕೆ ಅಂಥದ್ದೇನೂ ಇಲ್ಲ. ಬೆಳಿಗ್ಗೆ ಎಲ್ಲರೂ ರೇಕ್ಯಾವಿಕ್‌ಗೆ ಕೆಲಸಕ್ಕೆ ಹೋಗ್ತಾರೆ, ರಾತ್ರಿ ಮಲಗೋಕೆ ಬರ್ತಾರೆ." ಅಲ್ಲಿನ ಭಾಷೆಯಲ್ಲಿ ಇಂಥ ಊರಿಗೆ ಒಂದು ಹೆಸರೇ ಇದೆ. ಅದರ ಅರ್ಥ ನಿದ್ದೆಯ ಊರು. ಆ ಮಾತು ನನಗೆ ಆಗಲೇ ಸರಿಬರಲಿಲ್ಲ. ಸಾವಿರ ವರ್ಷದಿಂದ ಜನ ಬದುಕಿರುವ ಜಾಗ ಬರೀ ಮಲಗುವ ಜಾಗ ಹೇಗಾದೀತು? ಮಗಳು ಕೆಲಸಕ್ಕೆ ಹೋದ ಮೇಲೆ ಹಗಲೆಲ್ಲ ನನಗೆ ಬಿಡುವು. ಊರೆಲ್ಲ ನಡೆದೆ. ಗ್ರಂಥಾಲಯದಲ್ಲಿ ಕೂತೆ. ಕೇಳಿದವರೆಲ್ಲ ಸಮಾಧಾನವಾಗಿ ಹೇಳಿದರು. ಹಾಗೆ ತಿಳಿದದ್ದನ್ನೇ ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಹೆಸರುಗಳು. ಐಸ್‌ಲ್ಯಾಂಡಿನಲ್ಲಿ ಊರಿನ ಹೆಸರು ಬಿಡಿಸಿದರೆ ನೆಲ ಕಾಣುತ್ತದೆ. 'ಮೊಸ್' ಅಂದರೆ ಪಾಚಿ. 'ಫೆಟ್ಲ್' ಅಂದರೆ ಗುಡ್ಡ. 'ಬೈರ್' ಅಂದರೆ ಊರು. ಪಾಚಿಗುಡ್ಡದ ಊರು. ಊರಿನ ನಡುವೆ ಹರಿಯುವ ಹೊಳೆಯ ಹೆಸರು ವಾರ್ಮೌ, ಅಂದರೆ ಬೆಚ್ಚನೆಯ ಹೊಳೆ. ಹೊಳೆಯ ಮೇಲ್ಭಾಗದಲ್ಲಿರುವ ಜಾಗ ರೇಕಿರ್. ಹೊಗೆ, ಹಬೆ ಎಂಬ ಅರ್ಥದ ಮಾತು ಅದು. ರೇಕ್ಯಾವಿಕ್ ಎಂಬ ಹೆಸರಿನಲ್ಲೂ ಅದೇ ಹಬೆ ಇದೆ. ಅದು ಹಬೆಯಾಡುವ ಕೊಲ್ಲಿ. ಇನ್ನೊಂದು ಜಾಗ ಔಲಾಫೊಸ್, ಹಾವುಮೀನಿನ ಜಲಪಾತ. ಈ ಮೂರು ಹೆಸರು ನೆನಪಿಟ್ಟುಕೊಳ್ಳಿ. ರೇಕಿರ್, ವಾರ್ಮೌ, ಔಲಾಫೊಸ್. ಇವುಗಳ ಸುತ್ತಲೇ ನನ್ನ ಮಾತು ತಿರುಗುತ್ತದೆ.

ಊರಿನ ಜನಸಂಖ್ಯೆ ಈಗ 13 ಸಾವಿರ ದಾಟಿದೆ. ನಮ್ಮ ಲೆಕ್ಕಕ್ಕೆ ಒಂದು ದೊಡ್ಡ ಹಳ್ಳಿ. ಅವರ ಲೆಕ್ಕಕ್ಕೆ ಇದೇ ದೊಡ್ಡ ಪಟ್ಟಣ, ಯಾಕೆಂದರೆ ಇಡೀ ದೇಶದಲ್ಲಿ ಇರುವವರೇ ನಾಲ್ಕು ಲಕ್ಷದಷ್ಟು ಜನ. ಉತ್ತರಕ್ಕೆ ಎಸ್ಯಾ ಎಂಬ 914 ಮೀಟರ್ ಎತ್ತರದ ಬೆಟ್ಟ ಗೋಡೆಯ ಹಾಗೆ ನಿಂತಿದೆ. ಪಶ್ಚಿಮಕ್ಕೆ ಕಡಲು. ಪೂರ್ವಕ್ಕೆ ಹಸಿರು ಕಣಿವೆ. ಆ ಕಣಿವೆಯ ದಾರಿ ಹಿಡಿದರೆ ಥಿಂಗ್‌ವೆಟ್ಲಿರ್ ಸಿಗುತ್ತದೆ. 930ರಿಂದ ಐಸ್‌ಲ್ಯಾಂಡಿನವರು ತಮ್ಮ ಸಭೆ ಸೇರುತ್ತಿದ್ದ ಬಯಲು ಅದು. ಪಶ್ಚಿಮದ ಕಡಲತೀರದಿಂದ ಸಭೆಗೆ ಹೊರಟವರಲ್ಲಿ ಎಷ್ಟೋ ಜನ ಕುದುರೆ ಏರಿ ಹೋಗುತ್ತಿದ್ದದ್ದು ಈ ಕಣಿವೆಯಲ್ಲೇ.

ಈಗ ಬಿಸಿನೀರಿನ ಕಥೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಈ ಊರಿನ ಬಗ್ಗೆ ನನಗೆ ಗೌರವ ಹುಟ್ಟಿದ್ದೇ ಇದರಿಂದ.

ನೂರು ವರ್ಷದ ಹಿಂದೆ ರೇಕ್ಯಾವಿಕ್‌ನಲ್ಲಿ ಮನೆ ಬೆಚ್ಚಗಿರಬೇಕು ಅಂದರೆ ಕಲ್ಲಿದ್ದಲು ಸುಡಬೇಕಿತ್ತು. ಕಲ್ಲಿದ್ದಲು ಹಡಗಿನಲ್ಲಿ ಬರಬೇಕು, ದುಡ್ಡು ಕೊಡಬೇಕು. ಹಳೆಯ ಫೋಟೋಗಳಲ್ಲಿ ಊರಿನ ಮೇಲೆ ಕಪ್ಪು ಹೊಗೆ ಕವಿದಿರುವುದು ಕಾಣುತ್ತದೆ. ಬಟ್ಟೆ ಒಗೆಯಲು ಹೆಂಗಸರು ಬಟ್ಟೆಗಂಟು ಹೊತ್ತು ಸುಮಾರು ಮೂರು ಕಿಲೋಮೀಟರ್ ದೂರದ ಬಿಸಿನೀರಿನ ಬುಗ್ಗೆಗೆ ನಡೆದು ಹೋಗುತ್ತಿದ್ದರು. ಹಿಮದಲ್ಲಿ ಹೋಗುವುದು, ಒದ್ದೆ ಬಟ್ಟೆಯ ಭಾರ ಹೊತ್ತು ಹಿಂದಿರುಗುವುದು. ಅವರ ಭಾಷೆಯಲ್ಲಿ ಶನಿವಾರಕ್ಕೆ ಇರುವ ಹೆಸರೇ ಸ್ನಾನದ ವಾರ ಎಂದು. ಬಿಸಿನೀರು ಅವರಿಗೆ ಅಷ್ಟು ಹತ್ತಿರದ್ದು.

ಮೊಸ್‌ಫೆಲ್ಸ್‌ಬೈರ್ ಆಗ ಇನ್ನೂ ಊರಾಗಿರಲಿಲ್ಲ. ಅಲ್ಲೊಂದು ಇಲ್ಲೊಂದು ರೈತರ ಮನೆಯಿದ್ದ ಸೀಮೆ. ರೇಕಿರ್‌ನಲ್ಲಿ ನೆಲದಿಂದ ತಾನಾಗಿ ಕುದಿನೀರು ಚಿಮ್ಮುತ್ತಿತ್ತು. 1908ರಲ್ಲಿ ಅಲ್ಲಿನ ರೈತ ಸ್ಟೆಫಾನ್ ಬಿ. ಯೋನ್ಸನ್ ಬುಗ್ಗೆಯಿಂದ ಮನೆಯವರೆಗೆ ಒಂದು ಪೈಪು ಎಳೆದರು. ಆ ನೀರು ಮನೆಯೊಳಗೆ ಸುತ್ತಿ ಬಂದು ಗೋಡೆಗಳನ್ನು ಬೆಚ್ಚಗೆ ಮಾಡಿತು. ಬುಗ್ಗೆಯ ನೀರಿನಿಂದ ಮನೆ ಕಾಯಿಸುವ ಕೆಲಸದಲ್ಲಿ ದೇಶದಲ್ಲೇ ಮೊದಮೊದಲಿಗರು ಅವರು. ಸರ್ಕಾರ ಹೇಳಿ ಮಾಡಿಸಿದ್ದಲ್ಲ. ಹಿತ್ತಲಲ್ಲಿ ಹರಿದುಹೋಗುತ್ತಿದ್ದ ಬಿಸಿಯನ್ನು ನೋಡಿ ಒಬ್ಬ ರೈತ ಯೋಚನೆ ಮಾಡಿದರು, ಅಷ್ಟೇ. 1920ರ ದಶಕದಲ್ಲಿ ಅದೇ ಬಿಸಿನೀರಿನಿಂದ ಗಾಜಿನಮನೆ ಕಾಯಿಸಿ ತರಕಾರಿ ಬೆಳೆಯಲು ಶುರು ಮಾಡಿದರು. ದೇಶದ ಮೊದಲ ಗಾಜಿನಮನೆಗಳು ಎದ್ದದ್ದು ಈ ಸೀಮೆಯಲ್ಲೇ. ಈಗಲೂ ಕಣಿವೆಯಲ್ಲಿ ಗುಲಾಬಿ ಬೆಳೆಯುತ್ತಾರೆ. ಡಿಸೆಂಬರಿನಲ್ಲಿ ಸೂರ್ಯ ಹನ್ನೊಂದು ಗಂಟೆ ದಾಟಿದ ಮೇಲೆ ಬಂದು ಮೂರೂವರೆಗೆಲ್ಲ ಹೋಗಿಬಿಡುತ್ತಾನೆ. ಆ ಕತ್ತಲೆಯಲ್ಲಿ ಗಾಜಿನಮನೆಯ ಹಳದಿ ದೀಪ ದೂರದಿಂದಲೇ ಕಾಣುತ್ತಿತ್ತು. ಸುತ್ತ ಹಿಮ, ಒಳಗೆ ಗುಲಾಬಿ. ಎಷ್ಟು ಸಲ ನೋಡಿದರೂ ನನಗೆ ಸಾಕಾಗಲಿಲ್ಲ.

ರೇಕ್ಯಾವಿಕ್‌ನಲ್ಲಿ 1930ರಲ್ಲಿ ಆ ಒಗೆಯುವ ಬುಗ್ಗೆಯ ಹತ್ತಿರದಿಂದ ಒಂದು ಶಾಲೆಗೆ, ಕೆಲವು ಕಟ್ಟಡ ಮತ್ತು ಮನೆಗಳಿಗೆ ಬಿಸಿನೀರು ಕೊಟ್ಟರು. ಚೆನ್ನಾಗಿ ನಡೆಯಿತು. ಆದರೆ ಇಡೀ ನಗರಕ್ಕೆ ಆ ನೀರು ಎಲ್ಲಿ ಸಾಕಾಗಬೇಕು? ಆಗ ನಗರದ ಕಣ್ಣು ರೇಕಿರ್ ಮೇಲೆ ಬಿತ್ತು. 1933ರಿಂದ ಅಲ್ಲಿ ಕೊಳವೆಬಾವಿ ಕೊರೆದರು. ನೀರು ಸಿಕ್ಕಿತು. 80 ಡಿಗ್ರಿ ಮೀರಿದ ಬಿಸಿ. 1939ರಲ್ಲಿ ಡೆನ್ಮಾರ್ಕಿನ ಕಂಪನಿಯೊಂದು ಪೈಪು ಹಾಕುವ ಕೆಲಸ ಶುರು ಮಾಡಿತು. ಅಷ್ಟರಲ್ಲಿ ಯುದ್ಧ. 1940ರ ಏಪ್ರಿಲಿನಲ್ಲಿ ಜರ್ಮನಿ ಡೆನ್ಮಾರ್ಕನ್ನು ವಶ ಮಾಡಿಕೊಂಡಿತು. ಐಸ್‌ಲ್ಯಾಂಡಿಗೆ ಬರಬೇಕಾದ ಪೈಪುಗಳು ಕೋಪನ್‌ಹೇಗನ್ ಬಂದರಿನಲ್ಲೇ ಉಳಿದವು. ತೋಡಿದ ಕಾಲುವೆ ಹಾಗೇ ಬಿದ್ದಿತ್ತು. ಬೇರೆ ಕಡೆಯಿಂದ ಸಾಮಾನು ತರಿಸಿ, ಕಾಂಕ್ರೀಟ್ ಕಾಲುವೆಯೊಳಗೆ ಪೈಪು ಕೂರಿಸಿ, 15 ಕಿಲೋಮೀಟರಿಗೂ ಜಾಸ್ತಿ ಉದ್ದದ ಆ ಸಾಲನ್ನು ಮುಗಿಸಿದರು. 1943ರ ನವೆಂಬರ್ 30ರಂದು ರೇಕ್ಯಾವಿಕ್‌ನ ಮೊದಲ ಕಟ್ಟಡಕ್ಕೆ ರೇಕಿರ್ ನೀರು ಮುಟ್ಟಿತು. ಅದು ಶಿಲ್ಪಿ ಎಯ್ನಾರ್ ಯೋನ್ಸನ್ ಅವರ ಮನೆ ಮತ್ತು ಕಲಾ ಮ್ಯೂಸಿಯಂ. ನಗರದ ನಡುವಿನ ಗುಡ್ಡದ ಮೇಲೆ ನೀರಿನ ದೊಡ್ಡ ಟ್ಯಾಂಕುಗಳನ್ನು ಕಟ್ಟಿದರು. ಇವತ್ತು ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುವ ಪೆರ್ಲಾನ್ ಎಂಬ ಗಾಜಿನ ಗುಮ್ಮಟ ಇರುವುದು ಆ ಟ್ಯಾಂಕುಗಳ ಜಾಗದಲ್ಲೇ.

ನಮ್ಮಲ್ಲಿ ಹಂಡೆ ಒಲೆಗೆ ಉರಿ ಹಾಕಿದವರಿಗೆ ಇದರ ಬೆಲೆ ಗೊತ್ತು. ಒಂದು ನಗರಕ್ಕೆ ನಗರವೇ ಕಲ್ಲಿದ್ದಲು ಬಿಟ್ಟಿತು. ಹೊಗೆ ಹೋಯಿತು. ಈಗ ಐಸ್‌ಲ್ಯಾಂಡಿನಲ್ಲಿ 100ಕ್ಕೆ 90ರಷ್ಟು ಮನೆಗಳು ಭೂಮಿಯ ಬಿಸಿಯಿಂದಲೇ ಬೆಚ್ಚಗಿವೆ.

ಇದಕ್ಕೆ ರೇಕಿರ್ ತೆತ್ತ ಬೆಲೆಯನ್ನೂ ಹೇಳಬೇಕು. 1970ರ ದಶಕದಲ್ಲಿ ಇನ್ನೂ ಆಳಕ್ಕೆ ಕೊರೆದು ಪಂಪು ಇಟ್ಟರು. ನೀರು ಜಾಸ್ತಿ ಸಿಕ್ಕಿತು. ಆದರೆ ನೆಲದೊಳಗಿನ ನೀರಿನ ಮಟ್ಟ ಇಳಿಯಿತು. ಸಾವಿರಾರು ವರ್ಷ ತಾನಾಗಿ ಚಿಮ್ಮುತ್ತಿದ್ದ ಬುಗ್ಗೆಗಳು ನಿಂತುಹೋದವು. ವಾರ್ಮೌ ಹೊಳೆಯ ಹೆಸರು ಇನ್ನೂ ಬೆಚ್ಚನೆಯ ಹೊಳೆಯೇ, ನೀರಿನಲ್ಲಿ ಮೊದಲಿನ ಬಿಸಿ ಇಲ್ಲ. ನಾನು ಬಗ್ಗಿ ಕೈ ಇಟ್ಟು ನೋಡಿದೆ. ತಣ್ಣಗಿತ್ತು. ಮಗಳ ಅಡುಗೆಮನೆಯ ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು, ಅದರ ಜೊತೆಗೆ ಬೇಯಿಸಿದ ಮೊಟ್ಟೆಯಂಥ ಸಣ್ಣ ವಾಸನೆ. ಹೊಳೆಯಲ್ಲಿ ಹರಿಯಬೇಕಾಗಿದ್ದ ಬಿಸಿ ಈಗ ಮನೆಮನೆಯ ಗೋಡೆಯೊಳಗೆ ಹರಿಯುತ್ತಿದೆ ಅಂತ ನಾನು ಅಂದುಕೊಂಡೆ. ಜನರ ಬದುಕು ಹಸನಾಯಿತು, ಹೊಳೆ ಬಡವಾಯಿತು. ಎರಡೂ ನಿಜ.

ಇನ್ನು ಉಣ್ಣೆ. ಅದೇ ಹೊಳೆಯ ದಡದಲ್ಲಿ ಔಲಾಫೊಸ್ ಇದೆ. 1896ರಲ್ಲಿ ಬ್ಯೋರ್ನ್ ಥೋರ್ಲಾಕ್ಸನ್ ಎಂಬ ಸ್ಥಳೀಯ ರೈತ ಹೊರದೇಶದಿಂದ ಉಣ್ಣೆ ಹಿಂಜುವ ಯಂತ್ರ ತರಿಸಿ, ಜಲಪಾತದ ಬಲದಿಂದ ಓಡಿಸಿದರು. ಅಲ್ಲಿಯವರೆಗೆ ರೈತರ ಮನೆಯಲ್ಲಿ ಚಳಿಗಾಲದ ರಾತ್ರಿಯೆಲ್ಲ ಕೈಯಲ್ಲೇ ಹಿಂಜುವುದು, ನೂಲುವುದು, ಹೆಣೆಯುವುದು. ಒಬ್ಬರು ದೀಪದ ಹತ್ತಿರ ಕೂತು ಗಟ್ಟಿಯಾಗಿ ಓದುತ್ತಾರೆ, ಉಳಿದವರು ಕೆಲಸ ಮಾಡುತ್ತಾ ಕೇಳುತ್ತಾರೆ. ಯಂತ್ರ ಬಂದ ಮೇಲೆ ಆ ಶ್ರಮದ ದೊಡ್ಡ ಪಾಲು ಕಾರ್ಖಾನೆಗೆ ಹೋಯಿತು. ಕಾರ್ಖಾನೆಯ ಸುತ್ತ ಕೆಲಸಗಾರರ ಮನೆಗಳು ಎದ್ದವು. ಊರು ಊರಾಗತೊಡಗಿದ್ದು ಇಲ್ಲಿಂದ.

ಮುಂದೆ ಇದನ್ನು ಬಹಳ ವರ್ಷ ನಡೆಸಿದವರು ಸಿಗುರ್ಯೋನ್ ಪೆಟುರ್ಸನ್. ದೇಶದ ಹೆಸರಾಂತ ಕುಸ್ತಿಪಟು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಆಡಿದವರು. ಅವರು ಕಾರ್ಖಾನೆಯ ಪಕ್ಕ ಈಜುಕೊಳ ಕಟ್ಟಿಸಿದರು, ಮಕ್ಕಳಿಗೆ ಆಟ, ಈಜು ಕಲಿಸುವ ಶಾಲೆ ನಡೆಸಿದರು. ಆ ಈಜುಕೊಳದ ಕಟ್ಟಡ ಈಗಲೂ ಇದೆ. ಸಿಗುರ್ ರೋಸ್ ಎಂಬ ಸಂಗೀತ ತಂಡ ಅದನ್ನು ತೆಗೆದುಕೊಂಡು ಧ್ವನಿಮುದ್ರಣದ ಸ್ಟುಡಿಯೋ ಮಾಡಿತು. ಹೆಸರು ಮಾತ್ರ ಬದಲಾಗಿಲ್ಲ, ಈಜುಕೊಳ ಅಂತಲೇ ಕರೆಯುತ್ತಾರೆ. 2002ರಲ್ಲಿ ಬಂದ ಅವರ ಆಲ್ಬಂ ಅಲ್ಲೇ ಆದದ್ದು. ಸಂಗೀತಗಾರ ಓಲಾವುರ್ ಅರ್ನಾಲ್ಡ್ಸ್ ಈ ಊರಿನವರು. ಕಲಿಯೋ ತಂಡ ಶುರುವಾದದ್ದೂ ಇಲ್ಲೇ. ಇವರ ಹಾಡು ನಿಮ್ಮ ಮಕ್ಕಳ ಫೋನಿನಲ್ಲಿ ಇದ್ದರೂ ಇರಬಹುದು.

ಉಣ್ಣೆಯ ಬಗ್ಗೆ ಇನ್ನಷ್ಟು ಹೇಳದೆ ನನಗೆ ಮುಂದೆ ಹೋಗಲಾಗುವುದಿಲ್ಲ. ಐಸ್‌ಲ್ಯಾಂಡಿನ ಕುರಿಗೆ ಮೈಮೇಲೆ ಎರಡು ಪದರ. ಹೊರಗಿನದು ಉದ್ದ, ಒರಟು, ಹೊಳಪು. ಮಳೆ ಬಿದ್ದರೆ ಜಾರಿಹೋಗುತ್ತದೆ. ಒಳಗಿನದು ಮೆತ್ತಗೆ, ಸಣ್ಣಗೆ, ಗಾಳಿ ಹಿಡಿದಿಟ್ಟುಕೊಳ್ಳುವಂಥದ್ದು. ಎರಡನ್ನೂ ಸೇರಿಸಿ ಮಾಡಿದ ಎಳೆಗೆ ಲೋಪಿ ಅಂತ ಹೆಸರು. ಅದರಲ್ಲೂ ಒಂದು ಬಗೆಗೆ ನೂಲುವ ಹುರಿಯೇ ಇರುವುದಿಲ್ಲ. ರೊಟ್ಟಿಯ ಹಾಗೆ ಚಪ್ಪಟೆಯಾಗಿ ಸುತ್ತಿ ಮಾರುತ್ತಾರೆ. ಒಂದು ಸುರುಳಿ ತಂದಿದ್ದೇನೆ, ಕೈಯಿಂದ ಕೈಗೆ ಕಳಿಸಿ, ನೋಡಿ. ಜೋರಾಗಿ ಎಳೆಯಬೇಡಿ, ಕಡಿಯುತ್ತದೆ. ಕಡಿದರೂ ಚಿಂತೆ ಇಲ್ಲ. ಎರಡು ತುದಿಯನ್ನು ಒಂದರ ಮೇಲೊಂದು ಇಟ್ಟು, ಅಂಗೈ ಸ್ವಲ್ಪ ಒದ್ದೆ ಮಾಡಿ, ಬತ್ತಿ ಹೊಸೆದ ಹಾಗೆ ಹೊಸೆದರೆ ಒಂದಾಗುತ್ತದೆ. ಗಂಟು ಬೇಡ. ಮಗಳ ಪಕ್ಕದ ಮನೆಯ ಅಜ್ಜಿ ನನಗೆ ತೋರಿಸಿಕೊಟ್ಟರು. ಅವರಿಗೆ ಇಂಗ್ಲಿಷ್ ಕಡಿಮೆ, ನನಗೆ ಅವರ ಭಾಷೆ ಬಾರದು. ನಾನು ದೇವರ ದೀಪಕ್ಕೆ ಬತ್ತಿ ಹೊಸೆದು ಬೆಳೆದವಳು, ನನ್ನ ಕೈಗೆ ಅದು ಒಂದೇ ಸಲಕ್ಕೆ ಬಂತು. ಅವರು ನನ್ನ ಕೈಯನ್ನೇ ನೋಡುತ್ತಾ ಕೂತರು.

ಭುಜದ ಸುತ್ತ ಬಳೆಯ ಹಾಗೆ ವಿನ್ಯಾಸ ಬರುವ ಸ್ವೆಟರನ್ನು ನೀವು ಚಿತ್ರಗಳಲ್ಲಿ ನೋಡಿರುತ್ತೀರಿ. ಅದು ಲೋಪಾಪೇಸಾ. ತುಂಬಾ ಪುರಾತನದ್ದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಲ್ಲ, ಅದು ಬಂದದ್ದು ಕಳೆದ ಶತಮಾನದ ನಡುಭಾಗದಲ್ಲಿ. ಔಲಾಫೊಸ್ ಕಾರ್ಖಾನೆ 1991ರಲ್ಲಿ ದಿವಾಳಿಯಾಗಿ ಮುಚ್ಚಿತು. ಅದೇ ವರ್ಷ ಈಸ್ಟೆಕ್ಸ್ ಎಂಬ ಹೊಸ ಕಂಪನಿ ಕಟ್ಟಿ ನೂಲಿನ ಕೆಲಸ ಉಳಿಸಿಕೊಂಡರು. ಅದರಲ್ಲಿ ಕುರಿ ಸಾಕುವ ರೈತರಿಗೂ ಪಾಲಿದೆ. ಇವತ್ತೂ ಜಗತ್ತಿನ ಯಾವ ಮೂಲೆಯಲ್ಲಿ ಯಾರಾದರೂ ಲೋಪಿ ಹೆಣೆಯುತ್ತಿದ್ದರೆ, ಎಳೆಯ ಮೇಲಿನ ಪಟ್ಟಿ ಓದಿ. ಬಹುಮಟ್ಟಿಗೆ ಈ ಊರಿನ ನೂಲೇ ಆಗಿರುತ್ತದೆ. ಹಳೆಯ ಕಾರ್ಖಾನೆಯ ಕಟ್ಟಡಗಳಲ್ಲಿ ಈಗ ಕಲಾವಿದರು, ಕುಶಲಕರ್ಮಿಗಳು ಇದ್ದಾರೆ.

ಯುದ್ಧದ ಮಾತು ಬಂತಲ್ಲ. 1940ರ ಮೇ 10ರಂದು ಬ್ರಿಟಿಷ್ ಸೈನ್ಯ ಐಸ್‌ಲ್ಯಾಂಡಿಗೆ ಬಂದಿಳಿಯಿತು. ಈ ಸೀಮೆಯ ತುಂಬಾ ಅರ್ಧಚಂದ್ರದ ತಗಡಿನ ಶೆಡ್ಡುಗಳು ಎದ್ದವು. ಸೈನಿಕರು ಹೋದ ಮೇಲೆ ಆ ಶೆಡ್ಡುಗಳನ್ನು ಏನು ಮಾಡಿದರು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಆ ಕಾಲದಲ್ಲಿ ಅಲ್ಲಿ ಕ್ಷಯ ರೋಗ ಜೋರಾಗಿತ್ತು. ಆಸ್ಪತ್ರೆಯಿಂದ ಗುಣವಾಗಿ ಬಂದವರಿಗೆ ಮೈಯಲ್ಲಿ ಶಕ್ತಿ ಇರುತ್ತಿರಲಿಲ್ಲ, ಕೆಲಸ ಸಿಗುತ್ತಿರಲಿಲ್ಲ. ಮತ್ತೆ ಕಾಯಿಲೆ ಬೀಳುತ್ತಿದ್ದರು. 1938ರಲ್ಲಿ ರೋಗಿಗಳೇ ಸೇರಿ ಸಂಘ ಕಟ್ಟಿಕೊಂಡರು. 1945ರಲ್ಲಿ ರೇಕಿರ್ ಹತ್ತಿರ, ಸೈನ್ಯ ಬಿಟ್ಟುಹೋದ ಶೆಡ್ಡುಗಳಲ್ಲೇ ರೇಕ್ಯಾಲುಂದುರ್ ಎಂಬ ಪುನರ್ವಸತಿ ಕೇಂದ್ರ ತೆರೆದರು. ದಿನಕ್ಕೆ ಮೈಗೆ ಆಗುವಷ್ಟೇ ಗಂಟೆ ಕೆಲಸ, ಕೆಲಸಕ್ಕೆ ಕೂಲಿ. ಮುಂದೆ ಪ್ಲಾಸ್ಟಿಕ್ ಸಾಮಾನು ಮಾಡಿದರು. ಡೆನ್ಮಾರ್ಕಿನಿಂದ ಪರವಾನಗಿ ಪಡೆದು ಲೆಗೋ ಇಟ್ಟಿಗೆಗಳನ್ನು ಇಲ್ಲೇ ತಯಾರಿಸಿದರು, 1970ರ ದಶಕದವರೆಗೂ. ಒಂದು ತಲೆಮಾರಿನ ಐಸ್‌ಲ್ಯಾಂಡ್ ಮಕ್ಕಳು ಮನೆ ಕಟ್ಟಿ ಆಡಿದ್ದು ಇಲ್ಲಿ ತಯಾರಾದ ಇಟ್ಟಿಗೆಗಳಿಂದ. ಕ್ಷಯ ಈಗ ಹೋಯಿತು. ರೇಕ್ಯಾಲುಂದುರ್ ದೇಶದ ದೊಡ್ಡ ಪುನರ್ವಸತಿ ಕೇಂದ್ರವಾಗಿ ಇನ್ನೂ ಇದೆ.

ಇಷ್ಟು ಹೊತ್ತು ನೂರಿನ್ನೂರು ವರ್ಷದ ಮಾತಾಯಿತು. ಈಗ ಸಾವಿರ ವರ್ಷ ಹಿಂದೆ ಹೋಗೋಣ. ಎಗಿಲ್ ಸ್ಕಲ್ಲಾಗ್ರಿಮ್ಸನ್ ಎಂಬ ಕವಿ ಇದ್ದ. ಕವಿ ಅಂದರೆ ಮೃದು ಸ್ವಭಾವದವನು ಅಂದುಕೊಳ್ಳಬೇಡಿ. ಏಳು ವರ್ಷಕ್ಕೇ ಆಟದಲ್ಲಿ ಜಗಳವಾಗಿ ಇನ್ನೊಬ್ಬ ಹುಡುಗನನ್ನು ಕೊಂದವನು. ಹದಿಮೂರನೆಯ ಶತಮಾನದಲ್ಲಿ ಬರೆದಿಟ್ಟ 'ಎಗಿಲ್‌ನ ಸಾಗಾ' ಎಂಬ ಹಳೆಯ ಗದ್ಯಕಥೆಯಲ್ಲಿ ಅವನ ಇಡೀ ಬದುಕು ಇದೆ. ಮುದುಕನಾದ ಮೇಲೆ ಅವನು ಬಂದು ನೆಲೆಸಿದ್ದು ಇದೇ ಕಣಿವೆಯ ಮೊಸ್‌ಫೆಟ್ಲ್ ಎಂಬ ಜಾಗದಲ್ಲಿ, ಮಗಳಂತೆ ಸಾಕಿದ್ದ ಥೋರ್ದಿಸ್ ಮನೆಯಲ್ಲಿ. ಕಣ್ಣು ಕಾಣುವುದಿಲ್ಲ, ಕಾಲು ಬರುವುದಿಲ್ಲ. ಚಳಿಗೆ ಒಲೆಯ ಹತ್ತಿರ ಹೋದರೆ ಅಡುಗೆಯವಳು ಕಾಲಿಗೆ ಅಡ್ಡ ಬರಬೇಡ ಅಂತ ಗದರುತ್ತಾಳೆ. ಇಂಗ್ಲೆಂಡಿನ ರಾಜ ಎಥೆಲ್‌ಸ್ಟನ್ ಕೊಟ್ಟಿದ್ದ ಎರಡು ಪೆಟ್ಟಿಗೆ ಬೆಳ್ಳಿ ಅವನ ಹತ್ತಿರ ಇತ್ತು. ಅದನ್ನು ಥಿಂಗ್‌ವೆಟ್ಲಿರ್ ಸಭೆಗೆ ಒಯ್ದು ಜನರ ನಡುವೆ ಎರಚಬೇಕು, ಅವರು ಕಿತ್ತಾಡುವ ಸದ್ದು ಕೇಳಬೇಕು ಎಂಬುದು ಅವನ ಆಸೆ. ಮನೆಯವರು ಬಿಡಲಿಲ್ಲ. ಒಂದು ಸಂಜೆ ಇಬ್ಬರು ಆಳುಗಳನ್ನು ಕರೆದುಕೊಂಡು, ಪೆಟ್ಟಿಗೆಗಳನ್ನು ಹೇರಿಸಿ, ಕುದುರೆ ಏರಿ ಹೊರಟ. ಬೆಳಿಗ್ಗೆ ನೋಡಿದರೆ ಗುಡ್ಡದ ಮೇಲೆ ಒಬ್ಬನೇ ತಡವರಿಸುತ್ತಾ ಕುದುರೆಯನ್ನು ಎಳೆದುಕೊಂಡು ಬರುತ್ತಿದ್ದ. ಆಳುಗಳೂ ಇಲ್ಲ, ಬೆಳ್ಳಿಯೂ ಇಲ್ಲ. ಆಳುಗಳನ್ನು ಕೊಂದೆ, ಬೆಳ್ಳಿ ಬಚ್ಚಿಟ್ಟೆ ಎಂದ. ಎಲ್ಲಿ ಅಂತ ಹೇಳಲಿಲ್ಲ. ಆ ಹೊತ್ತಿಗೆ, ಅಂದರೆ 990ರ ಆಸುಪಾಸಿನಲ್ಲಿ, ತೀರಿಕೊಂಡ.

ಹಿಮ ಕರಗಿ ನೀರು ಹರಿದಾಗ ಮನೆಯ ಪೂರ್ವಕ್ಕಿರುವ ಕೊರಕಲಿನಲ್ಲಿ ಇಂಗ್ಲಿಷ್ ನಾಣ್ಯ ಸಿಕ್ಕಿದ್ದುಂಟು ಅಂತ ಸಾಗಾದಲ್ಲಿ ಒಂದು ಮಾತಿದೆ. ಆ ಒಂದು ಸಾಲು ಈ ಕಣಿವೆಯ ಮಕ್ಕಳನ್ನು ಇವತ್ತಿಗೂ ಬಿಟ್ಟಿಲ್ಲ. ಇನ್ನೂ ಒಂದು ವಿಚಿತ್ರ ಇದೆ. ಎಗಿಲ್‌ನನ್ನು ಮೊದಲು ದಿಬ್ಬದಲ್ಲಿ ಹೂಳಿದರು. ಕ್ರೈಸ್ತ ಧರ್ಮ ಬಂದ ಮೇಲೆ ಚರ್ಚಿಗೆ ಸಾಗಿಸಿದರು. ಮುಂದೆ ಹೊಸ ಚರ್ಚ್ ಕಟ್ಟುವಾಗ ತುಂಬಾ ದೊಡ್ಡದಾದ ಒಂದು ತಲೆಬುರುಡೆ ಸಿಕ್ಕಿತು. ಪಾದ್ರಿ ಅದನ್ನು ಕಟ್ಟೆಯ ಮೇಲಿಟ್ಟು ಕೊಡಲಿಯ ಹಿಂಬದಿಯಿಂದ ಹೊಡೆದರಂತೆ. ಹೊಡೆದ ಜಾಗ ಬೆಳ್ಳಗಾಯಿತೇ ಹೊರತು ಬಿರುಕು ಬಿಡಲಿಲ್ಲ. ಅಮೆರಿಕದ ವಿದ್ವಾಂಸ ಜೆಸ್ಸಿ ಬಯೋಕ್ ಅವರ ತಂಡ ಇಲ್ಲಿನ ಹ್ರೀಸ್‌ಬ್ರೂ ಎಂಬ ತೋಟದಲ್ಲಿ ಅಗೆದು ನೋಡಿತು. ಸಾವಿರ ವರ್ಷ ಹಳೆಯ ಮರದ ಚರ್ಚಿನ ತಳಪಾಯ, ಸುಮಾರು 28 ಮೀಟರ್ ಉದ್ದದ ಮನೆ, ತಲೆಗೆ ಕೊಡಲಿ ಏಟು ಬಿದ್ದ ಅಸ್ಥಿಪಂಜರ ಸಿಕ್ಕಿದವು. ಎಗಿಲ್‌ನ ಬೆಳ್ಳಿ ಸಿಕ್ಕಿಲ್ಲ. ಸಿಗದಿರಲಿ ಅಂತಲೇ ನನ್ನ ಆಸೆ.

ಅದೇ ಕಣಿವೆಯಲ್ಲಿ ಎಗಿಲ್‌ಗೆ ಸಾವಿರ ವರ್ಷ ಆದ ಮೇಲೆ ಇನ್ನೊಬ್ಬ ಬರಹಗಾರ ಬೆಳೆದರು. ಹಾಲ್ಡೋರ್ ಲಾಕ್ಸ್‌ನೆಸ್. ಹುಟ್ಟಿದ್ದು 1902ರಲ್ಲಿ ರೇಕ್ಯಾವಿಕ್‌ನಲ್ಲಿ. ಮೂರು ವರ್ಷದವರಿದ್ದಾಗ ಮನೆಯವರು ಈ ಕಣಿವೆಯ ಲಾಕ್ಸ್‌ನೆಸ್ ಎಂಬ ತೋಟಕ್ಕೆ ಬಂದರು. ಐಸ್‌ಲ್ಯಾಂಡಿನವರಿಗೆ ಮನೆತನದ ಹೆಸರು ಇರುವುದು ಅಪರೂಪ. ತಂದೆಯ ಹೆಸರಿಗೆ 'ಸನ್' ಅಥವಾ 'ದೋತ್ತಿರ್' ಸೇರಿಸಿದರೆ ಮಗ, ಮಗಳು. ಅಚ್ಚಾಗುತ್ತಿದ್ದ ಕಾಲದಲ್ಲಿ ಫೋನ್ ಪುಸ್ತಕವೂ ಮೊದಲ ಹೆಸರಿನ ಮೇಲೇ ಇತ್ತು. ಪ್ರಧಾನಿಯನ್ನೂ ಮೊದಲ ಹೆಸರಿನಿಂದಲೇ ಕರೆಯುತ್ತಾರೆ. ಹಾಲ್ಡೋರ್ ಮಾತ್ರ ತಾವು ಬೆಳೆದ ತೋಟದ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡರು. ಊರಿನ ಹೆಸರನ್ನು ಹೆಸರಿನ ಮುಂದೆ ಹೊರುವ ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ, ಅಲ್ವಾ?

1955ರಲ್ಲಿ ಅವರಿಗೆ ಸಾಹಿತ್ಯದ ನೊಬೆಲ್ ಬಂತು. ಪ್ರಶಸ್ತಿಯ ಭಾಷಣದಲ್ಲಿ ಅವರು ನೆನೆದದ್ದು ಅಜ್ಜಿಯನ್ನು. ಅಕ್ಷರ ಕಲಿಯುವ ಮೊದಲೇ ತಮಗೆ ಹಳೆಯ ಪದ್ಯಗಳನ್ನು ಬಾಯಿಪಾಠ ಮಾಡಿಸಿದ ಅಜ್ಜಿ. ಅವರ ಮನೆ ಗ್ಲ್ಯೂವ್ರಾಸ್ಟೇನ್ 1945ರಲ್ಲಿ ಕಟ್ಟಿದ್ದು. 2004ರಿಂದ ಮ್ಯೂಸಿಯಂ. ಪಿಯಾನೋ, ಪುಸ್ತಕ, ಗೋಡೆಯ ಚಿತ್ರಗಳು, ಎಲ್ಲ ಇದ್ದಂತೆಯೇ ಇವೆ. ನಾನು ಜಾಸ್ತಿ ಹೊತ್ತು ನಿಂತದ್ದು ಅವರ ಹೆಂಡತಿ ಔದುರ್ ಅವರ ಕೈಕೆಲಸದ ಮುಂದೆ. ಗಂಡನ ಹಸ್ತಪ್ರತಿ ಟೈಪ್ ಮಾಡಿದವರು, ದೇಶವಿದೇಶದ ಅತಿಥಿಗಳನ್ನು ನೋಡಿಕೊಂಡವರು, ಹೆಣಿಗೆಯಲ್ಲಿ ಪಳಗಿದವರು. ಆ ಬಳೆ ವಿನ್ಯಾಸದ ಸ್ವೆಟರನ್ನು ಮೊದಮೊದಲು ಹೆಣೆದವರಲ್ಲಿ ಅವರೂ ಒಬ್ಬರು ಅಂತ ಹೇಳುವವರಿದ್ದಾರೆ. ಹಾಲ್ಡೋರ್ 1998ರಲ್ಲಿ ತೀರಿಕೊಂಡರು. ಸಮಾಧಿ ಮೊಸ್‌ಫೆಟ್ಲ್ ಚರ್ಚಿನ ಅಂಗಳದಲ್ಲಿ. ಎಗಿಲ್‌ನ ಮೂಳೆಗಳನ್ನು ಕೊನೆಗೆ ಹೂಳಿದ್ದೂ ಅದೇ ಮೊಸ್‌ಫೆಟ್ಲ್‌ನಲ್ಲಿ.

ಊರು ಬೆಳೆದ ಕಥೆ ಚಿಕ್ಕದು. 1973ರ ಜನವರಿ 23ರ ರಾತ್ರಿ ದಕ್ಷಿಣದ ಹೇಮಾಯ್ ದ್ವೀಪದಲ್ಲಿ ಜ್ವಾಲಾಮುಖಿ ಬಾಯಿಬಿಟ್ಟಿತು. ಸುಮಾರು 5,300 ಜನ ರಾತ್ರೋರಾತ್ರಿ ದೋಣಿ ಹತ್ತಿದರು. ಅವರಿಗಾಗಿ ನಾರ್ಡಿಕ್ ದೇಶಗಳಿಂದ ಮರದ ಮನೆಗಳನ್ನು ತಂದು ಹಲವು ಊರುಗಳಲ್ಲಿ ನಿಲ್ಲಿಸಿದರು, ಇಲ್ಲೂ ನಿಲ್ಲಿಸಿದರು. ಅಲ್ಲಿಂದಾಚೆ ಮನೆಗಳ ಸಾಲು ಹೆಚ್ಚುತ್ತಾ ಹೋಯಿತು. 1987ರಲ್ಲಿ ಪಟ್ಟಣದ ಸ್ಥಾನ ಸಿಕ್ಕಿ ಹೆಸರಿನಲ್ಲಿ 'ಸೀಮೆ' ಹೋಗಿ 'ಬೈರ್' ಬಂತು.

ದಿನದ ಬದುಕಿನ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಬಾಗಿಲಲ್ಲಿ ಚಪ್ಪಲಿ ಬಿಟ್ಟೇ ಒಳಗೆ ಹೋಗುತ್ತಾರೆ, ನಮ್ಮ ಹಾಗೆಯೇ. ಹಸುಗೂಸನ್ನು ಬೆಚ್ಚಗೆ ಸುತ್ತಿ, ತಳ್ಳುಗಾಡಿಯಲ್ಲಿ ಮನೆಯ ಹೊರಗೆ ಚಳಿಯಲ್ಲೇ ಮಲಗಿಸುತ್ತಾರೆ. ಮೊದಲ ದಿನ ಅದನ್ನು ನೋಡಿ ನನ್ನ ಎದೆ ಝಲ್ ಅಂದಿತು. ಮಗು ಹಾಯಾಗಿ ನಿದ್ದೆ ಮಾಡುತ್ತಿತ್ತು. ಮನೆಗಳ ಹಿಂದೆಯೇ ಕುದುರೆ ಲಾಯ ಇದೆ, ಕುದುರೆಗಳಿಗೆ ಬೇರೆ ದಾರಿ ಇದೆ. ಗಿಡ್ಡ ಕುದುರೆಗಳು, ಜೂಲು ದಟ್ಟ. ದೇಶದಿಂದ ಒಮ್ಮೆ ಹೊರಗೆ ಹೋದ ಕುದುರೆಗೆ ವಾಪಸು ಬರಲು ಕಾನೂನಿನಲ್ಲಿ ಅವಕಾಶವಿಲ್ಲ, ರೋಗ ಬಂದೀತು ಅಂತ. ಸೆಪ್ಟೆಂಬರಿನಲ್ಲಿ ಬೆಟ್ಟದಿಂದ ಕುರಿ ಇಳಿಸಿ, ಕಿವಿಯ ಗುರುತು ನೋಡಿ ಯಾರದ್ದು ಯಾರಿಗೆ ಅಂತ ಬೇರೆ ಮಾಡುವಾಗ ಊರಿನ ಮಕ್ಕಳೆಲ್ಲ ಅಲ್ಲೇ. 1909ರಲ್ಲಿ ಹುಟ್ಟಿದ ಆಫ್ತುರೆಲ್ಡಿಂಗ್ ಎಂಬ ಕ್ರೀಡಾ ಸಂಘ ಇದೆ. ಆ ಹೆಸರಿನ ಅರ್ಥ ಮುಂಜಾವು. ಶಾಲೆ ಮುಗಿಸಿದ ಮಕ್ಕಳು ನೇರ ಅಲ್ಲಿಗೆ ಓಡುತ್ತಾರೆ. ಆಗಸ್ಟ್ ಕೊನೆಯಲ್ಲಿ ಊರಹಬ್ಬ. ಒಂದೊಂದು ಬಡಾವಣೆಗೆ ಒಂದೊಂದು ಬಣ್ಣ. ಕೆಂಪು, ಹಳದಿ, ನೀಲಿ, ಗುಲಾಬಿ. ಬೇಲಿ, ಕಿಟಕಿ, ಮರ ಎಲ್ಲಕ್ಕೂ ಅದೇ ಬಣ್ಣ. ಹಬ್ಬದ ಹೆಸರನ್ನು ಲಾಕ್ಸ್‌ನೆಸ್ ಅವರ ಬಾಲ್ಯದ ನೆನಪಿನ ಪುಸ್ತಕದಿಂದ ತೆಗೆದುಕೊಂಡಿದ್ದಾರೆ. ಮನೆಯ ಹುಲ್ಲುಬಯಲಿನಲ್ಲಿ ಅಂತ ಅದರ ಅರ್ಥ.

ಆದರೆ ಊರು ನಿಜವಾಗಿ ಒಟ್ಟಿಗೆ ಸೇರುವುದು ಈಜುಕೊಳದಲ್ಲಿ. ಎರಡು ಕೊಳ ಇವೆ, ಆಕಾಶದ ಕೆಳಗೆ, ವರ್ಷವಿಡೀ ತೆರೆದಿರುತ್ತವೆ. ನೀರಿಗೆ ಇಳಿಯುವ ಮೊದಲು ಬಟ್ಟೆ ಪೂರ್ತಿ ತೆಗೆದು ಸೋಪು ಹಾಕಿ ತೊಳೆದುಕೊಳ್ಳಲೇಬೇಕು. ಎಲ್ಲೆಲ್ಲಿ ತೊಳೆಯಬೇಕು ಅಂತ ಗೋಡೆಯ ಮೇಲೆ ಚಿತ್ರ ಇದೆ. ನೀರಿಗೆ ಕ್ಲೋರಿನ್ ಕಡಿಮೆ ಹಾಕುವುದರಿಂದ ಈ ನಿಯಮ. ಹೆಂಗಸರ ಕೋಣೆಯಲ್ಲಿ ನನಗೆ ಮೊದಲ ದಿನ ಬಹಳ ಸಂಕೋಚವಾಯಿತು. ಎಂಬತ್ತು ದಾಟಿದ ಅಜ್ಜಿಯರು, ಬಸುರಿ ಹೆಂಗಸರು, ಪುಟ್ಟ ಹುಡುಗಿಯರು ಯಾರ ಮೈಯನ್ನೂ ಯಾರೂ ನೋಡದೆ ತಮ್ಮ ಪಾಡಿಗೆ ಇದ್ದರು. ಎರಡನೆಯ ವಾರಕ್ಕೆ ಸಂಕೋಚ ಹೋಯಿತು. ಹೊರಗೆ 40 ಡಿಗ್ರಿ ಬಿಸಿಯ ಸಣ್ಣ ತೊಟ್ಟಿಗಳು. ಅದರಲ್ಲಿ ಕುತ್ತಿಗೆಯವರೆಗೆ ಮುಳುಗಿ ಕೂತು ಮಾತಾಡುತ್ತಾರೆ. ರಸ್ತೆ ರಿಪೇರಿ, ಬಸ್ಸಿನ ವೇಳೆ, ಚುನಾವಣೆ, ಯಾರ ಮೊಮ್ಮಗನಿಗೆ ಹಲ್ಲು ಬಂತು. ನಮ್ಮ ಅರಳಿಕಟ್ಟೆ ನೀರಿನೊಳಗೆ ಇದ್ದ ಹಾಗೆ.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು, ಅಲ್ಲಿನವರಿಗೆ ಅಷ್ಟು ಕತ್ತಲೆಯಲ್ಲಿ ಬೇಸರ ಆಗುವುದಿಲ್ಲವೇ ಅಂತ. ಆಗುತ್ತದೆ. ಅದನ್ನು ಅವರು ಮುಚ್ಚಿಡುವುದಿಲ್ಲ. ಜನವರಿಯ ಒಂದು ಸಂಜೆ ನಾನು ಮತ್ತು ಮಗಳು ಆ ತೊಟ್ಟಿಯಲ್ಲಿ ಕೂತಿದ್ದೆವು. ನಾಲ್ಕು ಗಂಟೆಗೇ ಕತ್ತಲು, ಹಿಮ ಸಣ್ಣಗೆ ಬೀಳುತ್ತಿತ್ತು. ಕೂದಲ ಮೇಲೆ ಹಿಮ, ಭುಜದಿಂದ ಕೆಳಗೆ ಬಿಸಿ. ಎದುರಿಗಿದ್ದ ಒಬ್ಬ ಮುದುಕರು ನಮ್ಮನ್ನು ನೋಡಿ, ಇವತ್ತು ಹಗಲು ನಿನ್ನೆಗಿಂತ ನಾಲ್ಕು ನಿಮಿಷ ಉದ್ದ ಇತ್ತು ಅಂದರು. ಪಕ್ಕದಲ್ಲಿದ್ದವರೆಲ್ಲ ಹೌದು ಹೌದು ಅಂತ ತಲೆಯಾಡಿಸಿದರು.